ಭಾನುವಾರ ಬಿಟ್ಟು

ಡೆಂಟಿಸ್ಟ್ ಮಗಳ ಮದುವೆಗೆ ಇನ್ನೆಷ್ಟು ದಿನ ಇದೆ ಅಂತ ನೋಡಲು ಹೋದವಳು ನಾನು. ನನ್ನ ಮದುವೆಗೆ ಇನ್ನೆಷ್ಟು ದಿನ ಆಯುಷ್ಯ ಉಳಿದಿದೆ ಅನ್ನುವುದು ಕಣ್ಣಿಗೆ ಬಿತ್ತು.

ನಮ್ಮದು ಟೈಲರಿಂಗ್ ಅಂಗಡಿ. ನಾನು ಅಳತೆ ತೆಗೆದು ಬಟ್ಟೆ ಕತ್ತರಿಸುತ್ತೇನೆ, ಇವರು ಹೊಲಿಯುತ್ತಾರೆ. ಕೌಂಟರ್ ಮೇಲಿನ ಕಂಪ್ಯೂಟರಿನಲ್ಲಿ ಒಂದು ವೆಬ್‌ಸೈಟ್ ಸದಾ ತೆರೆದೇ ಇರುತ್ತದೆ. ತಾರೀಖು ಹಾಕಿದರೆ ಇನ್ನೆಷ್ಟು ದಿನ ಉಳಿದಿದೆ ಅಂತ ದಪ್ಪ ಅಕ್ಷರದಲ್ಲಿ ತೋರಿಸುತ್ತದೆ. ರಜೆಯ ದಿನಗಳನ್ನು ಬಿಟ್ಟು ಲೆಕ್ಕ ಹಾಕು ಅಂದರೆ ಹಾಗೂ ಹಾಕುತ್ತದೆ. ನಾನೇ ಹುಡುಕಿ ಇವರಿಗೆ ಕಲಿಸಿದ್ದು. ಪ್ರತಿ ದೊಡ್ಡ ಆರ್ಡರಿಗೂ ಒಂದು ಪುಟ, ಅದರ ಮೇಲೆ ಗಿರಾಕಿಯ ಗುರುತು: ‘ಡೆಂಟಿಸ್ಟ್ ಸೂಟು’, ‘ಬ್ಯಾಂಕ್ ಮೇಡಂ ಕೋಟು’, ‘ಅವಳಿ ಮಕ್ಕಳ ಫ್ರಾಕು’.

ಆ ಗುರುವಾರ ಮಧ್ಯಾಹ್ನ ಸಾಲಿನ ಕೊನೆಯಲ್ಲಿ ಇನ್ನೊಂದು ಪುಟ ಕಂಡಿತು. ಅದಕ್ಕೆ ಹೆಸರೇ ಇರಲಿಲ್ಲ. ಯಾರದಪ್ಪಾ ಇದು ಅಂತ ಒತ್ತಿದೆ. ಮೂವತ್ತಮೂರು ದಿನ ಅಂತ ತೋರಿಸಿತು. ಕೆಳಗಿದ್ದ ತಾರೀಖು ಓದಿದೆ. ಅದು ಕೋರ್ಟಿನಲ್ಲಿ ನಮ್ಮಿಬ್ಬರ ಕೊನೆಯ ಹಾಜರಿಯ ದಿನ.

ಮೈಯೆಲ್ಲ ಉರಿದುಹೋಯಿತು. ಹದಿನಾಲ್ಕು ವರ್ಷ ಸಂಸಾರ ಮಾಡಿದವಳನ್ನು ಈ ಮನುಷ್ಯ ಡೆಂಟಿಸ್ಟ್ ಸೂಟಿನ ಸಾಲಿಗೆ ಸೇರಿಸಿಬಿಟ್ಟಿದ್ದರು. ಡೆಲಿವರಿ ಕೊಟ್ಟು ಕೈತೊಳೆದುಕೊಳ್ಳುವ ಇನ್ನೊಂದು ಆರ್ಡರು!

ನಾಲ್ಕೂವರೆ ತಿಂಗಳ ಹಿಂದೆ ಇಬ್ಬರೂ ಒಪ್ಪಿಯೇ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದೆವು. ಜಡ್ಜ್ ಮೇಡಂ ಕನ್ನಡಕದ ಮೇಲಿಂದ ನಮ್ಮನ್ನು ನೋಡಿ, ‘ಆರು ತಿಂಗಳು ಯೋಚನೆ ಮಾಡಿ ಬನ್ನಿ’ ಅಂದರು. ಯೋಚನೆ ಮಾಡುವುದೇನು ಬಂತು? ಅಂಗಡಿ ಒಂದೇ, ಅದರ ಮೇಲಿನ ಮನೆ ಒಂದೇ, ಒಪ್ಪಿಕೊಂಡ ಆರ್ಡರುಗಳು ಬೇರೆ ಇದ್ದವು. ಇವರು ಮುಂದಿನ ಕೋಣೆಯಲ್ಲಿ ಮಲಗಿದರು, ನಾನು ಹಿಂದಿನ ಕೋಣೆಯಲ್ಲಿ.

‘ರೀ’ ಅನ್ನುವುದನ್ನು ಬಿಟ್ಟು ನಾನು ಗಿರಾಕಿಗಳ ಹಾಗೆ ‘ಮಾಸ್ಟರ್’ ಅನ್ನಲು ಶುರುಮಾಡಿದೆ. ಚುಚ್ಚಲಿ ಅಂತಲೇ ಮಾಡಿದ್ದು. ಇವರೇನು ಕಡಿಮೆಯೇ, ಮಾರನೇ ದಿನದಿಂದ ನನಗೆ ‘ನೀವು’ ಅನ್ನತೊಡಗಿದರು. ಅಲ್ಲಿಯವರೆಗೆ ಇವರು ನನ್ನನ್ನು ಕರೆಯುತ್ತಿದ್ದದ್ದು ‘ಕತ್ತರಿ’ ಅಂತ. ನನ್ನ ಕೆಲಸಕ್ಕೂ ನನ್ನ ನಾಲಿಗೆಗೂ ಸೇರಿಸಿ ಇಟ್ಟ ಹೆಸರು. ‘ಕತ್ತರಿ, ಟೀ ಆರ್ತಿದೆ ಬಾ’ ಅನ್ನುತ್ತಿದ್ದ ಬಾಯಿಂದ ‘ನಿಮ್ಮ ಟೀ ಇಟ್ಟಿದೀನಿ’ ಅಂತ ಕೇಳಿಸಿಕೊಂಡರೆ ಆ ಟೀಯನ್ನು ಮುಟ್ಟದೆ ಆರಲು ಬಿಡುತ್ತಿದ್ದೆ.

ಇಷ್ಟಕ್ಕೆಲ್ಲ ಕಾರಣ ಒಂದು ಭಾನುವಾರ. ಎರಡು ವರ್ಷದ ಹಿಂದೆ ಅಮ್ಮ ಅಕ್ಕನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಇಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆ ದಾರಿ. ಕೊನೆಯ ವಾರ ನಾನು ಅಲ್ಲೇ ಇದ್ದೆ. ‘ಅಳಿಯಂದ್ರು ಬರ್ಲಿಲ್ವೇನೇ?’ ಅಂತ ಅಮ್ಮ ಬಾಗಿಲ ಕಡೆಗೇ ನೋಡುತ್ತಿದ್ದಳು. ಇವರಿಗೂ ಅಮ್ಮನಿಗೂ ಬಲು ಸಲಿಗೆ. ಇವರ ತಾಯಿ ಇವರು ಚಿಕ್ಕವರಿದ್ದಾಗಲೇ ತೀರಿಕೊಂಡವರು. ನನ್ನ ಅಮ್ಮನೇ ಇವರಿಗೂ ಅಮ್ಮ ಅನ್ನುವಷ್ಟು ಹಚ್ಚಿಕೊಂಡಿದ್ದರು. ಅಂಗಡಿ ಮುಚ್ಚಿ ಈಗಲೇ ಬನ್ನಿ ಅಂತ ಫೋನ್ ಮಾಡಿದೆ. ಯಾವುದೋ ಮದುವೆ ಮನೆಯ ಆರು ಸೂಟು ಬಾಕಿ ಇದ್ದವಂತೆ. ‘ಭಾನುವಾರ ರಜ ಅಲ್ವಾ, ಬಂದೇ ಬರ್ತೀನಿ ಕತ್ತರಿ’ ಅಂದರು.

ಅಮ್ಮ ಗುರುವಾರವೇ ಹೋದಳು.

ಇವರು ಬಂದು ಮೂಲೆಯಲ್ಲಿ ಕೈಕಟ್ಟಿ ನಿಂತರು. ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೂ ಅದರ ಮಾತೇ ಎತ್ತಲಿಲ್ಲ. ‘ತಪ್ಪಾಯ್ತು’ ಅನ್ನುವ ಒಂದು ಮಾತಿಗೆ ಕಾದು ಕಾದು ನಾನು ಕಲ್ಲಾದೆ. ಪ್ರತಿ ಭಾನುವಾರ ಒಬ್ಬಳೇ ಬಸ್ ಹತ್ತಿ ಅಕ್ಕನ ಮನೆಗೆ ಹೋಗಿ, ಅಮ್ಮನ ಕೋಣೆಯಲ್ಲಿ ಕೂತು ಬರುತ್ತಿದ್ದೆ. ನಾನೂ ಬರಲಾ ಅಂತ ಇವರು ಒಂದು ವಾರವೂ ಕೇಳಲಿಲ್ಲ.

ಈಗ ನೋಡಿದರೆ ಕೂತು ದಿನ ಎಣಿಸುತ್ತಿದ್ದಾರೆ!

‘ಮಾಸ್ಟರ್, ಈ ಹೆಸರಿಲ್ಲದ ಗಿರಾಕಿ ಯಾರು?’

ಹೊಲಿಗೆ ಮಷಿನ್ ನಿಂತಿತು. ಇವರು ಕನ್ನಡಕವನ್ನು ಹಣೆಗೆ ಏರಿಸಿ ನನ್ನ ಕಡೆ ನೋಡಿದರು, ಆಮೇಲೆ ಕಂಪ್ಯೂಟರ್ ಕಡೆ, ಆಮೇಲೆ ತಮ್ಮ ಬೆರಳುಗಳ ಕಡೆ. ಈ ಕಳ್ಳ ನೋಟ ನನಗೆ ಹೊಸದಲ್ಲ. ಮದುವೆಗೆ ಮೊದಲು ಇಬ್ಬರೂ ಒಂದೇ ಅಂಗಡಿಯಲ್ಲಿ ಕೆಲಸಕ್ಕಿದ್ದೆವು. ನಾನು ಮೇಜಿಗೆ ಬಗ್ಗಿ ಬಟ್ಟೆ ಕತ್ತರಿಸುತ್ತಿದ್ದರೆ ಇವರು ದಾರ ಪೋಣಿಸುವ ನೆಪದಲ್ಲಿ ಸೂಜಿಯನ್ನು ಬೆಳಕಿಗೆ ಹಿಡಿದು, ಸೂಜಿಯ ಆಚೆಗಿದ್ದ ನನ್ನನ್ನು ನೋಡುತ್ತಿದ್ದರು. ದಾರ ಮಾತ್ರ ಒಂದು ಸಲವೂ ಹೋಗುತ್ತಿರಲಿಲ್ಲ. ಆ ನೋಟಕ್ಕೇ ನಾನು ಸೋತದ್ದು.

‘ಅದು... ಸುಮ್ನೆ ಹಾಕಿದ್ದೆ’ ಅಂದರು.

‘ಸುಮ್ನೆನಾ? ಹೆಸರು ಬರೆಯೋಕೆ ಏನು ಕಷ್ಟ? ಪೀಡೆ ತೊಲಗೋ ದಿನ ಅಂತ ಬರೀಬಹುದಿತ್ತಲ್ಲ.’

‘ಹಾಗನ್ಬೇಡಿ.’

‘ಮತ್ತೆ ಹೇಗನ್ಲಿ? ಅಷ್ಟು ಅವಸರಾನಾ ನಿಮಗೆ? ಅವಸರದಲ್ಲಿ ಲೆಕ್ಕಾನೂ ತಪ್ಪಿದೀರಿ. ಮೂವತ್ತಮೂರಲ್ಲ, ನಲವತ್ತೊಂದು.’

ಇವರು ಥಟ್ಟನೆ ತಲೆ ಎತ್ತಿದರು. ‘ನಿಮಗೆ ಹೇಗೆ ಗೊತ್ತು?’

ನಾಲಿಗೆ ಕಚ್ಚಿಕೊಂಡೆ. ‘ನನ್ನ ಫೋನಲ್ಲೂ ಇದೆ’ ಅಂದೆ, ಮುಖ ತಿರುಗಿಸಿ.

ಬಿಡುಗಡೆಗೆ ಕಾಯುತ್ತಿದ್ದೇನೆ ಅಂತ ನನಗೆ ನಾನೇ ಹೇಳಿಕೊಂಡು ಹಾಕಿಟ್ಟಿದ್ದು. ಬೆಳಿಗ್ಗೆ ಎದ್ದು ನೋಡಿದಾಗ ಒಂದು ದಿನ ಕಡಿಮೆ ಆಗಿದ್ದರೆ ಖುಷಿ ಆಗಬೇಕಿತ್ತು. ಆಗುತ್ತಿರಲಿಲ್ಲ. ಅದನ್ನೆಲ್ಲ ಇವರಿಗೆ ಯಾಕೆ ಹೇಳಲಿ?

‘ಭಾನುವಾರ ಬಿಟ್ಟು ಹಾಕಿದೀನಿ’ ಅಂದರು ಮೆಲ್ಲಗೆ.

ಸರಿ ಹೋಯಿತು. ಕೋಟು ಸೂಟುಗಳಿಗೆ ಹಾಕುವ ಲೆಕ್ಕ, ಅಂಗಡಿ ತೆರೆದಿರುವ ದಿನ ಮಾತ್ರ. ಕೋಪ ಇನ್ನಷ್ಟು ಏರಿತು. ಆದರೆ ಬಟ್ಟೆ ಅರ್ಧ ಇಂಚು ಕಡಿಮೆ ಬಂದರೂ ಬಿಡದವಳು ನಾನು. ಆರು ಭಾನುವಾರ ಕಳೆದರೂ ಮೂವತ್ತೈದು ಉಳಿಯಬೇಕು. ಇನ್ನೆರಡು ದಿನ ಎಲ್ಲಿ ಹೋದವು? ಪುಟದಲ್ಲಿ ‘ಬಿಟ್ಟ ದಿನಗಳು’ ಅಂತಿದ್ದ ಕಡೆ ಒತ್ತಿದೆ. ಭಾನುವಾರಗಳ ಕೆಳಗೆ ಬರುವ ವಾರದ ಸೋಮವಾರ, ಮಂಗಳವಾರ ಇದ್ದವು.

ಆ ಎರಡು ದಿನ ಅಂಗಡಿಗೆ ರಜವಿರಲಿಲ್ಲ. ಸೋಮವಾರ ಬ್ಯಾಂಕ್ ಮೇಡಂ ಕೋಟಿನ ಟ್ರಯಲ್ ಬೇರೆ ಇತ್ತು. ಅವತ್ತು ಅಂಗಡಿಯಲ್ಲಿ ಇಲ್ಲದಿರುವವಳು ನಾನು. ಅಕ್ಕನ ಊರಿನಲ್ಲಿ ನನ್ನದೇ ಒಂದು ಅಂಗಡಿ ಮಾಡುವುದಕ್ಕೆ ಜಾಗ ನೋಡಿ ಬರುತ್ತೇನೆ, ಎರಡು ದಿನ ಇರುವುದಿಲ್ಲ ಅಂತ ಮೊನ್ನೆ ಹೇಳಿದ್ದೆ. ‘ಆಗ್ಲಿ, ಹೋಗ್ಬನ್ನಿ’ ಅಂದಿದ್ದರು, ಅಷ್ಟೇ.

‘ಈ ಎರಡು ದಿನ ಯಾಕೆ ಬಿಟ್ರಿ?’ ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ‘ಅಂಗಡಿ ಇದೆಯಲ್ಲ?’

ಇವರು ಮಷಿನ್ನಿನ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸುತ್ತಾ ಕೂತರು. ಆಮೇಲೆ ಹೇಳಿದರು, ‘ನೀನಿರಲ್ವಲ್ಲ.’

ಎಷ್ಟೋ ತಿಂಗಳ ಮೇಲೆ ಬಂದ ‘ನೀನು’.

‘ಅಂಗಡಿ ದಿನ ಎಣಿಸ್ಲಿಲ್ಲ ನಾನು. ನಿನ್ನ ಮುಖ ನೋಡೋಕೆ ಇನ್ನೆಷ್ಟು ದಿನ ಸಿಗತ್ತೆ ಅಂತ ಹಾಕ್ದೆ. ಭಾನುವಾರ ಹೇಗೂ ನೀನು ಅಕ್ಕನ ಮನೇಲಿರ್ತೀಯ, ಅದನ್ನ ಕಳೆದೆ. ಮೊನ್ನೆ ನೀನು ಇನ್ನೆರಡು ದಿನ ಇರಲ್ಲ ಅಂದೆ. ಅದನ್ನೂ ಕಳೆದೆ.’ ಚಕ್ರ ನಿಂತಿತು. ‘ಹೆಸರು ಏನಂತ ಬರೀಬೇಕೋ ತಿಳೀಲಿಲ್ಲ.’

ಗಿರಾಕಿಗಳ ಸ್ಟೂಲಿನ ಮೇಲೆ ಕೂತೆ. ಸಂತೋಷ ಆಗಬೇಕಾದ ಹೊತ್ತಿನಲ್ಲಿ ನನಗೆ ಬಂದದ್ದು ಅಳು. ಅಳುವಿನ ಜೊತೆಗೇ ಎರಡು ವರ್ಷದಿಂದ ಒಳಗೆ ಕೂತಿದ್ದ ಮಾತೂ ಬಂತು.

‘ಇಷ್ಟು ಎಣಿಸೋಕೆ ಬರೋ ನಿಮಗೆ ಅಮ್ಮ ಕರೆದಾಗ ಯಾಕೆ ಬರೋಕಾಗ್ಲಿಲ್ಲ? ಆರು ಸೂಟು ಹೆಚ್ಚಾದ್ವಾ?’

‘ಸೂಟು ನೆಪ, ಕತ್ತರಿ’ ಅಂದರು. ‘ಹೆದರಿಕೊಂಡೆ. ಕೊನೇ ಸಲ ನೋಡೋಕೆ ಅಂತ ಬಂದ್ರೆ ಅದು ಕೊನೇ ಸಲಾನೇ ಆಗ್ಬಿಡತ್ತೆ ಅನ್ನಿಸ್ತು. ಭಾನುವಾರ ಅಂದ್ರೆ ಭಾನುವಾರದವರೆಗಾದ್ರೂ ಇರ್ತಾರೆ ಅಂದ್ಕೊಂಡೆ. ನನ್ನ ತಾಯೀನೂ ನಾನು ಹೀಗೇ...’ ಹಣೆಯ ಮೇಲಿದ್ದ ಕನ್ನಡಕ ತೆಗೆದು ಒರೆಸುತ್ತಾ, ‘ತಪ್ಪಾಯ್ತು’ ಅಂದರು. ‘ದಿನಾ ಬಾಯಿವರೆಗೂ ಬರೋದು. ಹೇಳಿದ್ರೆ ನೀನು ಕ್ಷಮಿಸಲ್ಲ ಅಂದ್ಬಿಟ್ರೆ ಅಂತ ಅದಕ್ಕೂ ಹೆದರಿಕೆ.’

ಕಾದು ಕೂತಿದ್ದ ಮಾತು ಕೊನೆಗೂ ಬಂತು. ಗೆದ್ದ ಹಾಗೆ ಅನ್ನಿಸುತ್ತದೆ ಅಂದುಕೊಂಡಿದ್ದೆ. ಅನ್ನಿಸಲಿಲ್ಲ. ಇಷ್ಟು ದಿನ ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಕೂತು ಅತ್ತೆವಲ್ಲ ಅನ್ನಿಸಿತು.

‘ಇವತ್ತು ಗುರುವಾರ’ ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ.

ಇವರು ನನ್ನನ್ನೇ ನೋಡಿದರು. ಎದ್ದರು. ಮಷಿನ್ ಮೇಲಿದ್ದ ಕೋಟಿನ ತೋಳನ್ನು ಮಡಚಿ ಇಟ್ಟರು, ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಆರಿಸಿದರು, ಬಾಗಿಲಿಗೆ ಹೋಗಿ ಶಟರ್ ಎಳೆಯತೊಡಗಿದರು. ಕೋರ್ಟಿಗೆ ಹೋದ ಒಂದು ದಿನ ಬಿಟ್ಟರೆ, ವಾರದ ನಡುವೆ ಆ ಶಟರ್ ಹಗಲಲ್ಲಿ ಕೆಳಗೆ ಬಂದದ್ದನ್ನು ನಾನು ನೋಡಿರಲಿಲ್ಲ.

ಅರ್ಧ ಇಳಿದ ಶಟರಿನ ಕೆಳಗೆ ಹೊಳೆಯುವ ಎರಡು ಬೂಟು ಬಂದು ನಿಂತವು. ‘ಏನ್ ಮಾಸ್ಟರ್? ನನ್ನ ಟ್ರಯಲ್ ಇವತ್ತಲ್ವಾ?’ ಡೆಂಟಿಸ್ಟ್ ಬಗ್ಗಿ ಒಳಗೆ ನೋಡಿದರು.

‘ಇವತ್ತು ಅಂಗಡಿ ಇಲ್ಲ ಡಾಕ್ಟ್ರೇ. ನಾಳೆ ಬನ್ನಿ.’

‘ಅಯ್ಯೋ, ಮದುವೆ ಹತ್ರ ಬಂತಲ್ಲಪ್ಪಾ! ಅಂಥದ್ದೇನು ಅರ್ಜೆಂಟು?’

‘ನಮ್ಮ ಅತ್ತೆಯವರನ್ನ ನೋಡೋಕೆ ಹೋಗ್ಬೇಕಿತ್ತು’ ಅಂದರು ಇವರು. ‘ತುಂಬಾ ತಡ ಆಗಿದೆ.’

ಡೆಂಟಿಸ್ಟ್ ಒಮ್ಮೆ ಇವರ ಮುಖ ನೋಡಿದರು, ಒಮ್ಮೆ ನನ್ನ ಕೆಂಪು ಕಣ್ಣು ನೋಡಿದರು. ನಾವು ಹೊರಗೆ ಬಂದ ಮೇಲೆ ಶಟರಿಗೆ ತಾವೂ ಒಂದು ಕೈ ಹಾಕಿ ಎಳೆದು ಕೊಟ್ಟು ಹೋದರು. ಒಳ್ಳೆ ಮನುಷ್ಯ.

ಬಸ್ಸಿನಲ್ಲಿ ಪಕ್ಕಪಕ್ಕ ಕೂತೆವು. ತಿರುವು ಬಂದಾಗಲೆಲ್ಲ ಇವರ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. ಮೊದಲೆರಡು ಸಲ ಇವರು ಮುದುಡಿ ಸರಿದು ಕೂತರು. ಮೂರನೇ ಸಲ ನಾನೇ ಇವರ ತೋಳು ಹಿಡಿದುಕೊಂಡೆ.

ಅಕ್ಕ ಬಾಗಿಲು ತೆಗೆದವಳೇ, ‘ಇವತ್ತು ಭಾನುವಾರ ಅಲ್ವಲ್ಲೇ?’ ಅಂದಳು. ಆಮೇಲೆ ನನ್ನ ಹಿಂದೆ ನಿಂತಿದ್ದವರನ್ನು ನೋಡಿದಳು. ಬಾಗಿಲನ್ನು ಪೂರ್ತಿ ತೆಗೆದಳು. ‘ಒಳಗ್ ಬನ್ನಿ ಭಾವ’ ಅಂದಳಷ್ಟೇ. ನನ್ನ ಗಂಡನನ್ನು ಅವಳು ಮೊದಲಿನಿಂದಲೂ ತಮಾಷೆಗೆ ಕರೆಯುತ್ತಿದ್ದದ್ದು ಹಾಗೆ. ಅವತ್ತು ತಮಾಷೆ ಇರಲಿಲ್ಲ.

ಅಮ್ಮನ ಕೋಣೆ ಹಾಗೇ ಇತ್ತು. ಇವರು ಮಂಚದ ಕಾಲ್ದೆಸೆಯಲ್ಲಿ ಕೂತರು. ಬಟ್ಟೆಯ ನೇಯ್ಗೆ ನೋಡುವವರ ಹಾಗೆ ಹೊದಿಕೆಯ ಅಂಚನ್ನು ಬೆರಳಲ್ಲಿ ಸವರಿದರು. ‘ಬಂದೆ ಅತ್ತೆ’ ಅಂದರು. ಆಮೇಲೆ ಅತ್ತರು, ಹೆಗಲು ಕುಲುಕುವಂತೆ, ಚಿಕ್ಕ ಮಕ್ಕಳ ಹಾಗೆ. ನಾನು ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದೆ. ಆ ಕೋಣೆಯಲ್ಲಿ ನಾನು ಒಬ್ಬಳೇ ಅಳದ ಮೊದಲ ದಿನ ಅದು.

ಸಂಜೆ ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ಇವರಿಗೇ ಕೊಟ್ಟೆ. ಸುಮಾರು ದಾರಿ ಸಾಗಿತ್ತು.

‘ರೀ’ ಅಂದೆ.

ಎಷ್ಟು ಬೇಗ ತಿರುಗಿದರು ಅಂದರೆ ಕನ್ನಡಕ ಮೂಗಿನಿಂದ ಜಾರಿತು. ನಗು ತಡೆದುಕೊಂಡೆ.

‘ಸೋಮವಾರ, ಮಂಗಳವಾರ ವಾಪಸ್ ಸೇರಿಸ್ಬಿಡಿ.’

‘ಜಾಗ ನೋಡೋಕೆ ಹೋಗಲ್ವಾ?’

‘ಇಲ್ಲ.’

ಇವರು ಕನ್ನಡಕ ಸರಿಮಾಡಿಕೊಂಡರು. ‘ಭಾನುವಾರ?’

‘ಅದನ್ನೂ ಸೇರಿಸಿ. ಇನ್ಮೇಲೆ ಇಬ್ರೂ ಹೋಗಿ ಬರೋಣ.’

ನನ್ನ ಫೋನ್ ತೆಗೆದು ಆ ಪುಟ ತೆರೆದು ಇವರ ಕೈಗಿಟ್ಟೆ. ಇವರು ಅದನ್ನೇ ನೋಡುತ್ತಾ ಕೂತರು. ಕೋರ್ಟಿನ ತಾರೀಖನ್ನು ಅಳಿಸುವ ಗುಂಡಿಯ ಮೇಲೆ ಹೆಬ್ಬೆರಳು ನಿಂತಿತ್ತು. ಒತ್ತಲು ಧೈರ್ಯ ಸಾಲದು, ಬೆರಳು ತೆಗೆಯಲು ಮನಸ್ಸಿಲ್ಲ. ನಾನು ಆ ಹೆಬ್ಬೆರಳ ಮೇಲೆ ನನ್ನ ಬೆರಳಿಟ್ಟು ಒತ್ತಿದೆ. ತಾರೀಖು ಅಳಿಸಿಹೋಯಿತು.

‘ಕೊನೇ ದಿನ ಯಾವುದು ಅಂತ ಕೇಳ್ತಿದೆ’ ಅಂದರು. ‘ಏನು ಹಾಕ್ಲಿ?’

‘ಏನೂ ಬೇಡ. ಖಾಲಿ ಬಿಡಿ.’

‘ಖಾಲಿ ಬಿಟ್ರೆ ಅದು ಲೆಕ್ಕಾನೇ ಹಾಕಲ್ಲ ಕತ್ತರಿ.’

‘ಗೊತ್ತು ರೀ’ ಅಂದೆ. ‘ನಾನೇ ಅಲ್ವಾ ಕಲಿಸಿದ್ದು.’