ಬೆಳ್ಳಿ ಎಲೆಗಳು ಮೂಕವಾದ ಬೆಳಗು

ಕಳ್ಳತನ ಆಗಿದೆ ಎಂದು ಕೂಗಿದವಳು ನರ್ತಕಿ. ಆದರೆ ಏನೂ ಕಳೆದುಹೋಗಿರಲಿಲ್ಲ.

ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ ರಟ್ಟಣ್ಣ ಅಂಟಿನ ಕೈಯಲ್ಲೇ ಮೆಟ್ಟಿಲು ಹತ್ತಿ ಓಡಿದ. ಈಗ ಕಲಾವಿದರ ಕಾರ್ಯಾಗಾರಗಳಾಗಿದ್ದ ಹಳೆಯ ನೂಲಿನ ಗಿರಣಿಯ ಮೇಲಂತಸ್ತಿನ ಉದ್ದ ಪಡಸಾಲೆ ಅದು. ಬೆಳಗಿನ ಮಂಜು ಎತ್ತರದ ಕಿಟಕಿಗಳಿಗೆ ಮೂಗು ಒತ್ತಿ ನಿಂತಿತ್ತು. ಒಳಗಿನ ಬೆಳಕು ನೀರು ಬೆರೆಸಿದ ಹಾಲಿನಂತಿತ್ತು. ಆ ಬೆಳಕಿನ ನಡುವೆ ನರ್ತಕಿ, ಕೊರಳಿನಿಂದ ಮೊಣಕಾಲಿನವರೆಗೆ ಇಳಿಬಿದ್ದ ಬೆಳ್ಳಿ ಎಲೆಗಳ ಹಾರ ತೊಟ್ಟು ನಿಂತಿದ್ದಳು. ರಟ್ಟಣ್ಣ ಎಣಿಸಿದ. ಮೂವತ್ತೆರಡೂ ಇದ್ದವು. ಅವು ಎಂದಿಗಿಂತ ಬೆಳ್ಳಗೆ, ಮಂಜಿನ ತುಣುಕುಗಳಂತೆ ಕಂಡವು.

"ಕೇಳಿಸ್ಕೋ," ಎಂದು ನರ್ತಕಿ ಗಿರ್ರನೆ ಒಂದು ಸುತ್ತು ತಿರುಗಿದಳು. ಒದ್ದೆ ಎಲೆ ತುಳಿದಂಥ ಒಂದು ಮಂಕು ಸಪ್ಪಳ ಬಂತು, ಅಷ್ಟೆ.

"ಏನೂ ಕೇಳಿಸ್ಲಿಲ್ಲವಲ್ಲ!"

"ಅದನ್ನೇ ಕದ್ದಿರೋದು!" ಎಂದವಳೇ ನೆಲದ ಮೇಲೆ ಕೂತು ಅತ್ತಳು.

ಅದು ಒಡವೆಯೋ, ಉಡುಪೋ, ವಾದ್ಯವೋ ಎಂದು ಕೇಳಿದರೆ ಗಿರಣಿಯಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಚಿತ್ರ ಬರೆದದ್ದು ಒಡವೆ ಕಲಾವಿದರಾದ ದೊಡ್ಡವರು. ಎಲೆಗಳನ್ನು ಬಡಿದವಳು ಅವರ ಕೆಲಸದಲ್ಲಿದ್ದ ಸುತ್ತಿಗೆ ಅಕ್ಕ. ರೇಷ್ಮೆ ದಾರ ಹೊಸೆದು ಎಲೆಗಳನ್ನು ಕಟ್ಟಿದ್ದು ಮಗ್ಗದ ತಾತ. ಹಾಡೂ ಬಲ್ಲ ನರ್ತಕಿ ಎಲೆ ಎಲೆಗೂ ಸ್ವರ ಹೇಳಿ ತಿದ್ದಿಸಿದ್ದಳು. ಅವಳು ಕುಣಿದರೆ ಮೈಯೇ ಹಾಡುತ್ತಿತ್ತು. ಎರಡು ತಿಂಗಳ ಅಭ್ಯಾಸದಲ್ಲಿ ಆ ದನಿ ಗೋಡೆ ದಾಟಿ ಬಂದಾಗಲೆಲ್ಲ ರಟ್ಟಣ್ಣ ಹಾಳೆ ಮಡಿಸುವುದನ್ನು ಮರೆತು, ಯಾವುದೋ ಕಾಣದ ಹೊಳೆಯ ದಡದಲ್ಲಿ ಕೂತುಬಿಡುತ್ತಿದ್ದ. ಮೂರು ಪುಸ್ತಕಗಳ ಪುಟ ಹಿಂದುಮುಂದಾಗಿದ್ದು ಅದರಿಂದಲೇ.

ಅಂದು ಸಂಜೆ ಪ್ರದರ್ಶನ. ಹಾರ ಇಡುವ ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ಚೀಟಿಯೂ ಸಿದ್ಧವಾಗಿತ್ತು: ಮೇಲೆ ದೊಡ್ಡವರ ಹೆಸರು, ಕೆಳಗೆ 'ಒಂದೇ ಕೈಯ ಕೃತಿ'. ಮೂವತ್ತೆರಡು ಎಲೆ ಬಡಿದ ಕೈ, ಗಜಗಟ್ಟಲೆ ದಾರ ಹೊಸೆದ ಕೈ, ಇವೆಲ್ಲ ಆ ಚೀಟಿಯ ಲೆಕ್ಕದಲ್ಲಿ ಕೈಗಳೇ ಅಲ್ಲ!

ಅಷ್ಟರಲ್ಲಿ ದೊಡ್ಡವರು ಬಂದರು. ನರ್ತಕಿ ಇನ್ನೊಮ್ಮೆ ಮೈ ಅಲುಗಿಸಿದಳು. ಅವರ ಮುಖ ಕಾಗದದಂತೆ ಬಿಳಿಚಿತು.

"ಅವಳೇ! ಆ ಸುತ್ತಿಗೆಯವಳು! ಮೊನ್ನೆ ಎಲ್ಲರೆದುರು ಏನಂದಳು? 'ಇದರ ದನಿ ನಂದು. ನಾನು ಬೇಡ ಅಂದ್ರೆ ಇದು ಹಾಡಲ್ಲ' ಅನ್ನಲಿಲ್ವಾ?"

ಅಂದಿದ್ದಳು, ನಿಜ. ಚೀಟಿಯಲ್ಲಿ ತನ್ನ ಹೆಸರೂ ಇರಲಿ ಎಂದು ಕೇಳಿ, ನಗೆಪಾಟಲಾಗಿ, ಸಿಟ್ಟಿನಲ್ಲಿ ಅಂದಿದ್ದಳು. ಗಿರಣಿಯ ಮೇಲ್ವಿಚಾರಕಿ ಹತ್ತು ಗಂಟೆಯೊಳಗೆ ಕಾಗದ ಬರೆದೇಬಿಟ್ಟಳು: ಸುತ್ತಿಗೆ ಅಕ್ಕ ಸಂಜೆಯೊಳಗೆ ತನ್ನ ಬೆಂಚು ಖಾಲಿ ಮಾಡತಕ್ಕದ್ದು. ಹನ್ನೊಂದು ವರ್ಷ ಕೂತ ಬೆಂಚು. ಈ ಆರೋಪ ಹೊತ್ತು ಹೊರಗೆ ಹೋದರೆ ಯಾವ ಕಾರ್ಯಾಗಾರವೂ ಅವಳಿಗೆ ಬಾಗಿಲು ತೆರೆಯುವಂತಿರಲಿಲ್ಲ.

ರಟ್ಟಣ್ಣ ಕೆಳಗಿಳಿದು ಸೂಜಿ ಅತ್ತೆಯ ಬಾಗಿಲು ಬಡಿದ. ನಾಟಕದವರ ಉಡುಪು ಹೊಲಿಯುವ ಆ ಮುದುಕಿ ಗಿರಣಿಯ ಪತ್ತೇದಾರಿ. ಬಣ್ಣದ ಡಬ್ಬಿ ಕಳೆಯಲಿ, ಪ್ರೇಮಪತ್ರ ಕಳೆಯಲಿ, ಜನ ಬರುತ್ತಿದ್ದುದು ಅವಳಲ್ಲಿಗೇ. ಅವಳ ಹಿಂದೆ ಬಾಲದಂತೆ ರಟ್ಟಣ್ಣ ಇದ್ದೇ ಇರುತ್ತಿದ್ದ.

"ಮಂಜಿಗೆ ದಾರ ಒದ್ದೆ ಆಗಿ ದನಿ ಕಟ್ಟಿರಬೇಕು, ಅತ್ತೆ," ಎಂದ.

"ನಿನ್ನ ತಲೆಗೆ ಮಂಜು ಕಟ್ಟಿದೆ. ನಡಿ," ಎಂದಳು ಅತ್ತೆ.

ಅವಳು ಮೊದಲು ಒಂದು ಎಲೆಯನ್ನು ಹಾರದಿಂದ ಬಿಚ್ಚಿ, ತನ್ನದೇ ಒಣ ದಾರಕ್ಕೆ ನೇತುಹಾಕಿ ಉಗುರಿನಿಂದ ತಟ್ಟಿದಳು. ಥಪ್. ರಟ್ಟಣ್ಣ ತನ್ನ ಮಂಜಿನ ಸಿದ್ಧಾಂತವನ್ನು ನುಂಗಿಕೊಂಡ. ಆಮೇಲೆ ಗಂಟುಗಳನ್ನು ನೋಡಿದಳು. ಎಲೆಯ ಆಚೆಗೊಂದು ಈಚೆಗೊಂದು ಗಂಟು, ಅಲುಗಲು ಜಾಗವಿಲ್ಲದಂತೆ ಬಿಗಿದು ಕೂತಿದ್ದವು. ಕೊನೆಗೆ ಎಲೆಯನ್ನು ಮಗುಚಿ, ಅದರ ಬೆನ್ನಿಗೆ 'ಹಾ' ಎಂದು ಉಸಿರು ಬಿಟ್ಟಳು. ಬೆಳ್ಳಿ ಮಸುಕಾಯಿತು. ಆ ಮಸುಕಿನಲ್ಲಿ ಸಾಸಿವೆ ಗಾತ್ರದ ಮೂರು ಹಳದಿ ಕಲೆಗಳು ಒಂದು ಕ್ಷಣ ತೇಲಿ ಕರಗಿದವು. ರಟ್ಟಣ್ಣನಿಗೆ ಅದು ಕನಸಿನ ಚೂರಿನಂತೆ ಕಂಡಿತು.

"ಇದೇನತ್ತೆ?"

"ಇರು. ಗಂಟು ಬಿಚ್ಚದೆ ದಾರ ಎಳೀಬಾರ್ದು."

ಮೊನ್ನೆ ಸಂಜೆಯ ಅಭ್ಯಾಸದಲ್ಲಿ ಎಲೆಗಳು ಚೆನ್ನಾಗಿಯೇ ಹಾಡಿದ್ದವು. ನಿನ್ನೆ ಗಿರಣಿಗೆ ರಜೆ. ಪೆಟ್ಟಿಗೆಯ ಕೀಲಿಕೈ ಮೇಲ್ವಿಚಾರಕಿಯ ಕೋಣೆಯ ಮೊಳೆಗೆ ನೇತಾಡುತ್ತಿತ್ತು. ಯಾರು ಬೇಕಾದರೂ ತೆಗೆಯಬಹುದಿತ್ತು.

ಮಗ್ಗದ ತಾತನಿಗೆ ಕಿವಿ ಅಷ್ಟಕ್ಕಷ್ಟೆ. "ದಾರದ ತಪ್ಪು ಅಂತ ಹೇಳ್ಬೇಡಿ ನನ್ನವ್ವಾ! ನಾನು ಗಂಟು ಹಾಕಿದ್ರೆ ಎರಡೆಳೆ ಸಡಿಲ ಬಿಟ್ಟೇ ಬಿಡ್ತೀನಿ. ಎಲೆ ಉಸಿರಾಡಬೇಕಲ್ವಾ?"

ನರ್ತಕಿ ಅಳು ಒರೆಸಿಕೊಂಡು, "ನಾನು ಎಲ್ರಿಗೂ ಕೈ ಮುಗಿದು ಹೇಳಿದ್ದೆ, ಅತ್ತೆ. ಇನ್ನು ಯಾರೂ ಅರ ಹಾಕಿ ಉಜ್ಜಬೇಡಿ, ಒಂದು ಕೂದಲಿನಷ್ಟು ಬೆಳ್ಳಿ ಉದುರಿದ್ರೂ ಸ್ವರ ಕೆಡತ್ತೆ ಅಂತ," ಎಂದಳು.

"ಯಾರಿಗೆ ಹೇಳಿದ್ದೆ?"

"ದೊಡ್ಡವರಿಗೆ, ಅಕ್ಕನಿಗೆ, ತಾತನಿಗೆ. ತಾತನಿಗೆ ಕೇಳಿಸ್ತೋ ಇಲ್ವೋ."

ದೊಡ್ಡವರು ತಮ್ಮ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. "ನಾನು ಎಂಟನೇ ವಯಸ್ಸಿಗೇ ಅಪ್ಪನ ಅಂಗಡಿಯಲ್ಲಿ ಕೂತು ಮುತ್ತು ಪೋಣಿಸಿದವನು. ಒಡವೆ ನನ್ನ ರಕ್ತದಲ್ಲಿದೆ. ಅದನ್ನು ಪಾತ್ರೆ ಬಡಿಯುವ ಮನೆಯವಳೊಬ್ಬಳು ಹಾಳು ಮಾಡಿದಳಲ್ಲ!"

"ಪಾಪ," ಎಂದಳು ಅತ್ತೆ. ಯಾರಿಗೆ ಎಂದು ಹೇಳಲಿಲ್ಲ.

ಸುತ್ತಿಗೆ ಅಕ್ಕ ತನ್ನ ಸುತ್ತಿಗೆಗಳನ್ನು ಒಂದೊಂದೇ ಬಟ್ಟೆಯಲ್ಲಿ ಸುತ್ತುತ್ತಿದ್ದಳು, ಮಲಗಿದ ಕೂಸುಗಳನ್ನು ಹೊದಿಸುವ ಹಾಗೆ.

"ಹಾರ ಮುಟ್ಟಿ ನೋಡಿದ್ಯಾ?" ಎಂದು ಅತ್ತೆ ಕೇಳಿದಳು.

"ನಾನ್ಯಾಕೆ ಮುಟ್ಲಿ? ಮುಟ್ಟಿದ್ರೆ 'ನೋಡಿ, ಈಗ ಕೆಡಿಸಿದ್ಲು' ಅಂತಾರೆ. ದೂರದಿಂದ ಕೇಳಿದೆ, ಸಾಕಾಯ್ತು. ಹೆತ್ತವಳಿಗೆ ಹೆಣ ತೋರಿಸ್ಬೇಕಾ?"

"ನಿನ್ನೆ ಎಲ್ಲಿದ್ದೆ?"

"ಮನೇಲಿ, ಒಬ್ಳೇ. ಸಾಕ್ಷಿಗೆ ಬೆಕ್ಕಿದೆ. ಕರೆಸ್ಲಾ?"

ಅತ್ತೆ ನಕ್ಕು, ಬೆಂಚಿನ ಮೂಲೆಯಲ್ಲಿ ಬಿದ್ದಿದ್ದ ಒಂದು ಎಲೆಯನ್ನು ಎತ್ತಿದಳು. ಸ್ವರ ಕೂಡದೆ ಪಕ್ಕಕ್ಕಿಟ್ಟ ಎಲೆ ಅದು. ತಟ್ಟಿದರೆ 'ಣಿಂ' ಎಂದು ಕೋಣೆಯ ತುಂಬ ಹರಡಿತು. ಬಣ್ಣ ತುಸು ಬೂದು. ಬೆನ್ನಿನಲ್ಲಿ ಉಳಿಯಿಂದ ಕೊಟ್ಟ ಮೂರು ಪುಟ್ಟ ಗುಳಿಗಳಿದ್ದವು. ಅಲಂಕಾರವಿರಬೇಕು ಎಂದುಕೊಂಡ ರಟ್ಟಣ್ಣ.

"ಇದಕ್ಕೆ ಇಂಥ ದನಿ ಎಲ್ಲಿಂದ ಬರತ್ತೆ, ಅಕ್ಕಾ?" ಎಂದು ಕೇಳಿದ.

"ಪೆಟ್ಟು ತಿಂದು ತಿಂದು ಗಟ್ಟಿಯಾದ್ರೆ ಬರತ್ತೆ. ಮೆತ್ತಗಿರೋ ಬೆಳ್ಳಿ ಯಾವತ್ತು ಬಾಯಿ ಬಿಟ್ಟಿದೆ?"

ಮಧ್ಯಾಹ್ನ ಹನ್ನೆರಡಕ್ಕೆ ಅತ್ತೆ ಎಲ್ಲರನ್ನೂ ಪಡಸಾಲೆಗೆ ಕರೆಸಿದಳು. ಮಂಜು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಕಿಟಕಿಯಾಚೆ ಬೀದಿ ಇದೆಯೋ ಇಲ್ಲವೋ ಎಂಬಂತಿತ್ತು. ಮೇಜಿನ ಮೇಲೆ ಬಿಚ್ಚಿದ ಎಲೆಗಳು, ತುಂಡು ದಾರ, ಸೂಜಿ ಇದ್ದವು.

"ಮೊದಲು ಎಲ್ರೂ ಒಂದೊಂದು ಎಲೆ ಕಟ್ಟಿಕೊಡಿ. ನನ್ನೊಬ್ಬಳ ಕೈಲಿ ಸಂಜೆಯೊಳಗೆ ಆಗಲ್ಲ."

ತಾತ ಸಡಿಲ ಬಿಟ್ಟು ಕಟ್ಟಿದ. ನರ್ತಕಿ ಗೆಜ್ಜೆ ಕಟ್ಟುವ ಹಾಗೆ ಎರಡು ಸುತ್ತು ಸುತ್ತಿದಳು. ಸುತ್ತಿಗೆ ಅಕ್ಕ ಮೂಟೆ ಬಿಗಿಯುವ ಗಂಟು ಹಾಕಿದಳು. ರಟ್ಟಣ್ಣನದು ಪುಸ್ತಕದ ಹೊಲಿಗೆಯಾಯಿತು. ದೊಡ್ಡವರು "ಇದೆಂಥ ಹುಡುಗಾಟ" ಎಂದು ಗೊಣಗುತ್ತಲೇ ದಾರ ಎತ್ತಿಕೊಂಡರು. ಅವರ ಬಾಯಿ ಗೊಣಗುತ್ತಿದ್ದರೂ ಬೆರಳುಗಳು ತಮ್ಮ ಪಾಡಿಗೆ ತಾವು ಬಾಲ್ಯಕ್ಕೆ ನಡೆದುಹೋದವು: ಕುಣಿಕೆಯೊಳಗೆ ಸೂಜಿಮೊನೆ ಇಟ್ಟು, ಗಂಟನ್ನು ಎಲೆಯ ಬುಡದವರೆಗೆ ಜಾರಿಸಿ, ಟಕ್ಕನೆ ಬಿಗಿದವು. ಆಚೆಗೊಂದು, ಈಚೆಗೊಂದು.

"ಎಷ್ಟು ಚಂದ! ಮುತ್ತು ಪೋಣಿಸೋ ಗಂಟು. ಮುತ್ತು ಮುತ್ತಿಗೆ ಉಜ್ಜಬಾರ್ದು ಅಂತ ಹಾಕೋದು. ಹಾರದಲ್ಲಿ ಇವತ್ತು ಬೆಳಗ್ಗೆ ಇದ್ದ ಗಂಟೆಲ್ಲ ಇದೇ," ಎಂದಳು ಅತ್ತೆ.

ದೊಡ್ಡವರ ಕೈಯಿಂದ ಎಲೆ ಬಿತ್ತು. ಥಪ್.

"ತಾತ ಇಂಥ ಗಂಟು ಹಾಕಲ್ಲ. ಅಂದ್ರೆ ನಿನ್ನೆ ಯಾರೋ ಎಲೆಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದಾರೆ. ಯಾಕೆ ಬಿಚ್ಚಿದ್ರು? ಬೆಂಕಿಗೆ ಹಿಡಿಯೋಕೆ. ದಾರ ಇದ್ರೆ ಸುಟ್ಟು ಹೋಗತ್ತಲ್ಲ. ರಟ್ಟಣ್ಣಾ, ಬೆಳಗ್ಗೆ ಎಲೆ ಹೇಗೆ ಕಂಡ್ವು?"

"ಎಂದಿಗಿಂತ ಬೆಳ್ಳಗೆ. ಮಂಜಿಗೆ ಹಾಗೆ ಅಂದ್ಕೊಂಡೆ."

"ಮಂಜಲ್ಲ ಕಣೋ. ಬೆಂಕಿ ಕಂಡ ಬೆಳ್ಳಿ ಕಪ್ಪಾಗತ್ತೆ, ಆಮ್ಲದ ನೀರಲ್ಲಿ ಅದ್ದಿದ್ರೆ ಹೀಗೆ ಬಿಳುಚಿಕೊಳ್ಳತ್ತೆ. ಇನ್ನು ಬೆಂಕಿಗೆ ಹಿಡಿದಿದ್ದು ಯಾಕೆ?" ಅತ್ತೆ ಒಂದೊಂದು ಎಲೆಯ ಬೆನ್ನಿಗೂ ಉಸಿರು ಬಿಡುತ್ತ ಹೋದಳು. ಪ್ರತಿಯೊಂದರಲ್ಲೂ ಮೂರು ಹಳದಿ ಕಲೆಗಳು ಮೂಡಿ ಮರೆಯಾದವು. "ಇವು ಬೆಸುಗೆ. ಬೆಸುಗೆಯ ಬಣ್ಣ ಬೆಳ್ಳಿಗಿಂತ ಒಂದೆಳೆ ಹಳದಿ. ಮೂರು ಗುಳಿ ಇದ್ದ ಜಾಗ ತುಂಬಿಸಿದಾರೆ. ಆ ಗುಳಿ ಯಾರದು?"

ಸುತ್ತಿಗೆ ಅಕ್ಕ ಎದ್ದು ನಿಂತಿದ್ದಳು. ಒಂದು ಎಲೆ ಎತ್ತಿ ಬೆನ್ನಿನ ಮೇಲೆ ಹೆಬ್ಬೆರಳಾಡಿಸಿದಳು.

"ನನ್ನ ಗುರುತು," ಎಂದಳು. "ನಮ್ಮಮ್ಮ ತಾನು ಬಡಿದ ಕೊಡದ ತಳಕ್ಕೆ ಹಾಕ್ತಿದ್ದದ್ದು. ಚೀಟೀಲಿ ಹೆಸರಿಲ್ದಿದ್ರೆ ಹೋಗ್ಲಿ, ಬೆನ್ನಲ್ಲಾದ್ರೂ ಇರ್ತೀನಿ ಅಂತ ಸುಮ್ನಿದ್ದೆ. ಅಲ್ಲಿಂದ್ಲೂ ಒರೆಸಿದ್ರಾ?"

"'ಒಂದೇ ಕೈಯ ಕೃತಿ'ಯನ್ನ ಯಾರಾದ್ರೂ ಮಗುಚಿ ನೋಡಿದ್ರೆ ಎರಡನೇ ಕೈ ಸಿಕ್ಕಿಬಿಡ್ತಿತ್ತು," ಎಂದು ಅತ್ತೆ ಮುಂದುವರಿಸಿದಳು. "ಅರ ಹಾಕಿ ಒರೆಸಬಹುದಿತ್ತು. ಆದ್ರೆ ಸ್ವರ ಕೆಡತ್ತೆ ಅಂತ ನರ್ತಕಿ ಹೇಳಿದ್ದನ್ನ ದೊಡ್ಡವರು ನೆನಪಿಟ್ಟಿದ್ರು. ಅದಕ್ಕೇ ಬೆಳ್ಳಿ ತೆಗೀಲಿಲ್ಲ, ಗುಳಿ ತುಂಬಿಸಿದ್ರು. ಜಾಣತನವೇ. ಆದ್ರೆ ಬೆಸುಗೆ ಕರಗೋ ಹೊತ್ತಿಗೆ ತೆಳು ಎಲೆ ಪೂರ್ತಿ ಕೆಂಪಗೆ ಕಾದು, ಅಕ್ಕನ ಸುತ್ತಿಗೆ ಕೊಟ್ಟ ಗಟ್ಟಿತನವೆಲ್ಲ ಇಳಿದು ಮೆತ್ತಗಾಯ್ತು. ಕಾಯಿಸಿದ್ರೆ ದನಿ ಸಾಯತ್ತೆ ಅನ್ನೋದು ಎಲೆ ಬಡಿದವರಿಗೆ ಗೊತ್ತಿರತ್ತೆ, ಬಡಿಸಿದವರಿಗೆ ಗೊತ್ತಿರಲ್ಲ. ಬೆಳಗ್ಗೆ ಅವರ ಮುಖ ಬಿಳಿಚಿದ್ದು ನಾಟಕ ಅಲ್ಲ. ನಿಜವಾಗ್ಲೂ ಗಾಬರಿ. ಆಮೇಲೆ ಅಕ್ಕನ ಕಡೆ ಬೊಟ್ಟು ಮಾಡಿದ್ದು ಮಾತ್ರ ನಾಟಕ."

ಇಷ್ಟು ಹೊತ್ತು ಕಿವಿಗೆ ಕೈ ಒಡ್ಡಿಕೊಂಡಿದ್ದ ತಾತ ಥೂ ಎಂದ. ಯಾವುದನ್ನು ಕೇಳಬೇಕೋ ಅದನ್ನು ಕೇಳಿಸಿಕೊಂಡಿದ್ದ.

"ಕಲ್ಪನೆ ನನ್ನದು! ಚಿತ್ರ ಬರೆದವನು ನಾನು! ಸುತ್ತಿಗೆ ಯಾರು ಬೇಕಾದರೂ ಹಿಡಿಯಬಹುದು!" ಎಂದು ದೊಡ್ಡವರು ಕಿರುಚಿದರು.

"ಹಿಡೀರಿ," ಎಂದಳು ಸುತ್ತಿಗೆ ಅಕ್ಕ. ಬಟ್ಟೆ ಬಿಚ್ಚಿ ಒಂದು ಸುತ್ತಿಗೆಯನ್ನು ಅವರ ಮುಂದಿಟ್ಟಳು. "ಸಂಜೆ ಐದಕ್ಕೆ ಜನ ಬರ್ತಾರೆ. ಹಾಡಿಸಿ."

ದೊಡ್ಡವರು ಸುತ್ತಿಗೆಯನ್ನು ನೋಡಿದರು. ಆಮೇಲೆ ಬಾಗಿಲನ್ನು ನೋಡಿದರು. ಬಾಗಿಲೇ ಹತ್ತಿರವಿತ್ತು.

ಅವರ ಹೆಜ್ಜೆ ಸಪ್ಪಳ ಮೆಟ್ಟಿಲಿನಲ್ಲಿ ಮುಗಿದ ಮೇಲೆ ಮೇಲ್ವಿಚಾರಕಿ ಗಂಟಲು ಸರಿಮಾಡಿಕೊಂಡಳು. ಬೆಳಗಿನ ಕಾಗದವನ್ನು ಹರಿದಳು. "ಈಗ... ಸರಿ ಮಾಡೋಕೆ ಆಗತ್ತಾ, ತಾಯಿ?"

"ಮತ್ತೆ ಬಡಿದ್ರೆ ಗಟ್ಟಿ ಆಗತ್ತೆ. ಮೊದಲಿನ ಸ್ವರವೇ ಬರತ್ತೆ ಅಂತ ಹೇಳಲ್ಲ. ಆದ್ರೆ ಹಾಡ್ತವೆ. ಚೀಟಿ ಬದಲಾಗದೆ ನಾನು ಸುತ್ತಿಗೆ ಎತ್ತಲ್ಲ."

"ಅವರ ಹೆಸರು ನೋಡ್ಕೊಂಡೇ ಜನ ಬರೋದು..."

"ಹಾಗಾದ್ರೆ ಹೆಸರನ್ನೇ ಕುಣಿಸಿ," ಎಂದು ನರ್ತಕಿ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟಳು. ತಾತ ಅವಳ ಪಕ್ಕ ಕೂತ. ಮೇಲ್ವಿಚಾರಕಿ ಅತ್ತೆಯ ಕಡೆ ನೋಡಿದಳು. ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಕೊನೆಗೆ ಮೇಲ್ವಿಚಾರಕಿಯೇ ಹಳೆಯ ಚೀಟಿಯನ್ನು ಕಿತ್ತಳು.

ಸುತ್ತಿಗೆ ಅಕ್ಕ ಪಡಸಾಲೆಯ ನಡುವೆಯೇ ಎಲೆ ಬಡಿಯುವ ಅಡಿಗಲ್ಲು ಇರಿಸಿಕೊಂಡಳು. ಮೊದಲ ಪೆಟ್ಟುಗಳು ಮಂಕಾಗಿದ್ದವು. ಇಪ್ಪತ್ತನೆಯದಕ್ಕೋ ಮೂವತ್ತನೆಯದಕ್ಕೋ ಬೆಳ್ಳಿ ನಿದ್ದೆಯಲ್ಲಿ ಮುಲುಗಿದಂತೆ ಅಂಚಿನಲ್ಲಿ ಒಂದು ಸಣ್ಣ ದನಿ ಎದ್ದಿತು. ನರ್ತಕಿ ಕಣ್ಣು ಮುಚ್ಚಿ ಹಾಡಿ ಸ್ವರ ತೋರಿಸಿದಳು. ಸುತ್ತಿಗೆ ಆ ಸ್ವರವನ್ನು ಹುಡುಕಿಕೊಂಡು ಹೋಯಿತು. ಎಲೆ ಎಲೆಗೂ ತಾತ ದಾರ ಕಟ್ಟಿದ. ರಟ್ಟಣ್ಣ ಹೊಸ ಚೀಟಿ ಬರೆಯಲು ಕೂತವನು ಮತ್ತೆ ಆ ಕಾಣದ ಹೊಳೆಯ ದಡ ಸೇರಿದ. ಅತ್ತೆ ಬೆನ್ನಿಗೆ ಸೂಜಿ ಚುಚ್ಚಿದ ಮೇಲೇ ಅವನಿಗೆ ಎಚ್ಚರ.

ನಾಲ್ಕೂಮುಕ್ಕಾಲಿಗೆ ಇಪ್ಪತ್ತಾರು ಎಲೆ ಹಾಡುತ್ತಿದ್ದವು. ಕೆಳಗೆ ಬಾಗಿಲಾಚೆ ಜನ ಗುಜುಗುಜು ಎನ್ನುತ್ತ ಸೇರಿದ್ದರು. ರಟ್ಟಣ್ಣ ಹೊಸ ಚೀಟಿಯನ್ನು ಹಿಡಿದು ತೋರಿಸಿದ: ಕಲ್ಪನೆ ಎಂದು ಮೊದಲ ಸಾಲು, ಬಡಿತ ಎಂದು ಎರಡನೆಯದು, ಆಮೇಲೆ ದಾರ, ಆಮೇಲೆ ಸ್ವರ ಮತ್ತು ನೃತ್ಯ. ಪ್ರತಿ ಸಾಲಿನ ಮುಂದೆಯೂ ಒಂದೊಂದು ಹೆಸರು.

ಸುತ್ತಿಗೆ ಅಕ್ಕ ಬೆವರು ಒರೆಸಿಕೊಂಡು ಓದಿದಳು.

"ನನ್ನದನ್ನ ಮೇಲೆ ಹಾಕು."

"ಕಲ್ಪನೆ ಮೊದಲು ಬರೆಯೋದು ರೂಢಿ, ಅಕ್ಕಾ."

"ಆ ರೂಢಿ ಮಾಡಿದ್ಯಾರು? ಕಲ್ಪನೆ ಮಾಡೋರೇ ಅಲ್ವಾ?"

ಕೆಳಗೆ ಯಾರೋ ಬಾಗಿಲು ತಟ್ಟಿದರು. ರಟ್ಟಣ್ಣ ಚೀಟಿಯನ್ನು ಅಡ್ಡಡ್ಡ ಹರಿದು, ಹೊಸ ರಟ್ಟನ್ನು ಮುಂದೆ ಎಳೆದುಕೊಂಡು, ಮೇಲಿನ ಸಾಲಿಗಾಗಿ ದಪ್ಪ ನಿಬ್ಬಿನ ಲೇಖನಿ ಹುಡುಕತೊಡಗಿದ.