ಫೋನಿಗೆ ಸಿಕ್ಕಿಸಿದ ಹೆಡ್‌ಫೋನ್

ಹೆಡ್‌ಫೋನ್ ಅಂಗಡಿಯ ಒಡತಿ ಬೆಳಿಗ್ಗೆ ಬಾಗಿಲು ತೆಗೆದವಳೇ, ಅಂಗಡಿಯ ಅತಿ ಬೆಲೆಬಾಳುವ ಹೆಡ್‌ಫೋನನ್ನು ದೊಡ್ಡ ಆಂಪ್ಲಿಫೈಯರಿಗೆ ಸಿಕ್ಕಿಸಿದಳು. ಮರುಕ್ಷಣ ಕಿವಿಯಿಂದ ಕಿತ್ತಳು. ಡಬ್ಬ ಬಡಿದಂಥ ಅಬ್ಬರ. ಅದೇ ಬಣ್ಣ, ಕಿವಿ ಮುಚ್ಚುವ ಅದೇ ಮರದ ಬಟ್ಟಲು, ಅದೇ ಹೊಲಿಗೆ— ಒಳಗಿನ ಮಾಲು ಮಾತ್ರ ಬೇರೆ. ಯಾರೋ ಅಸಲಿಯನ್ನು ಲಪಟಾಯಿಸಿ ನಕಲಿಯನ್ನಿಟ್ಟು ಹೋಗಿದ್ದರು.

ಗಿರಾಕಿಗಳು ಕೇಳಿ ನೋಡಲೆಂದು ಆಸೆಪಟ್ಟು ತರಿಸಿದ್ದು ಅದು. ಪತ್ತೇದಾರಿಕೆಯನ್ನೇ ವೃತ್ತಿ ಮಾಡಿಕೊಂಡಿದ್ದ ಮಗಳಿಗೆ ಫೋನು ಮಾಡಿದಳು.

ಹಿಂದಿನ ದಿನ ಅದನ್ನಿಟ್ಟಿದ್ದ ಆಲಿಸುವ ಕೋಣೆಗೆ ಹೋದವರು ಮೂವರೇ. ಮೊದಲು ಒಬ್ಬ ದಂತವೈದ್ಯ, ಆಮೇಲೆ ಆಡಿಯೊ ಸಲಕರಣೆಗಳ ವಿಮರ್ಶೆ ಬರೆಯುವವ, ಕೊನೆಗೆ ಪಿಟೀಲು ಕಲಿಸುವ ಮೇಡಂ.

"ಕೊನೇಲಿ ಬಂದೋರು ಅವರೇ. ಮುಖ ಸಣ್ಣಗೆ ಮಾಡ್ಕೊಂಡು, ಒಂದು ಮಾತೂ ಆಡ್ದೆ ಹೊರಟೋದ್ರು," ಎಂದಳು ತಾಯಿ. ಅವಳ ಮಟ್ಟಿಗೆ ಕಳ್ಳಿ ಸಿಕ್ಕಿಬಿದ್ದಾಗಿತ್ತು.

ಮಗಳು ಅವಸರಪಡಲಿಲ್ಲ. ಸಂಜೆ ಮೂವರನ್ನೂ ಅಂಗಡಿಗೆ ಕರೆಸಿದಳು. ಎಲ್ಲರಿಗೂ ಒಂದೇ ಪ್ರಶ್ನೆ— ಯಾವುದಕ್ಕೆ ಸಿಕ್ಕಿಸಿ ಕೇಳಿದಿರಿ? ಹೇಗೆ ಕೇಳಿಸಿತು?

ದಂತವೈದ್ಯನದು ಬಿಗಿಯಾದ ಬಜೆಟ್ಟು. ಅಗ್ಗದ ಪುಟ್ಟ ಆಂಪ್ಲಿಫೈಯರಿಗೆ ಸಿಕ್ಕಿಸಿದ್ದನಂತೆ. ಗುಂಡಿಯನ್ನು ತುದಿಯವರೆಗೆ ತಿರುಗಿಸಿದರೂ ಹಾಡು ಪಕ್ಕದ ಮನೆಯಿಂದ ಬಂದಷ್ಟು ಕ್ಷೀಣ. ಒಡತಿಯೂ ಕೇಳಿ ನೋಡಿದ್ದಳು. ಇದ್ದ ದುಡ್ಡನ್ನೆಲ್ಲ ಹೆಡ್‌ಫೋನಿಗೇ ಸುರಿಯಬೇಡಿ, ಅದನ್ನು ಓಡಿಸುವ ಶಕ್ತಿಯಿರುವ ಆಂಪ್ಲಿಫೈಯರಿಗೂ ಉಳಿಸಿಕೊಳ್ಳಿ ಎಂದು ಬುದ್ಧಿ ಹೇಳಿ, ಹೆಡ್‌ಫೋನನ್ನು ಕೈಯಾರೆ ಸ್ಟ್ಯಾಂಡಿನ ಮೇಲೆ ಇಟ್ಟಿದ್ದಳು.

ವಿಮರ್ಶಕ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ.

"ನನಗೆ ಆಂಪ್ಲಿಫೈಯರೇ ಬೇಕಾಗ್ಲಿಲ್ಲ. ಸೀದಾ ಫೋನಿಗೆ ಸಿಕ್ಕಿಸಿದೆ. ಅರ್ಧ ವಾಲ್ಯೂಮಿಗೇ ಕಿವಿ ಗುಂಯ್ ಅಂತು. ನಿನ್ನೇನೇ ನಿಮ್ಮಮ್ಮನಿಗೆ ಹೇಳಿದ್ನಲ್ಲ?"

ಹೇಳಿದ್ದು ನಿಜ. ಒಡತಿ ಬರೀ ಬಡಾಯಿಯೆಂದುಕೊಂಡು ಆ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಪಿಟೀಲು ಮೇಡಂ ತಲೆ ತಗ್ಗಿಸಿದರು. "ನಾನು ದೊಡ್ಡ ಆಂಪ್ಲಿಫೈಯರಲ್ಲೇ ಕೇಳಿದೆ. ನಾದ ತಗಡಿನ ಹಾಗಿತ್ತು. ನನ್ನ ಕಿವಿಗೇ ವಯಸ್ಸಾಯ್ತೇನೋ ಅಂತ ಭಯ ಆಯ್ತು. ಯಾರ ಹತ್ರ ಹೇಳ್ಕೊಳ್ಳಲಿ?"

"ನಿಮ್ಮ ಕಿವಿ ಚೆನ್ನಾಗಿದೆ ಮೇಡಂ," ಎಂದಳು ಮಗಳು. "ನಿಮ್ಮ ಕೈಗೆ ಬರೋ ಹೊತ್ತಿಗೆ ಅದು ನಕಲಿ ಆಗಿತ್ತು."

ವಿಮರ್ಶಕನತ್ತ ತಿರುಗಿದಳು.

"ಅಸಲಿ ಹೆಡ್‌ಫೋನು ಪುಟ್ಟ ಆಂಪ್ಲಿಫೈಯರಿಗೇ ಜಗ್ಗಲಿಲ್ಲ. ಇನ್ನು ಅದಕ್ಕಿಂತ ಶಕ್ತಿ ಕಮ್ಮಿ ಇರೋ ಫೋನಿಗೆ ಸಿಕ್ಕಿಸಿದ್ರೆ ಪಿಸುಗುಟ್ಟಬೇಕಿತ್ತು ಅಷ್ಟೆ. ನಿಮ್ಮ ಕಿವಿ ಗುಂಯ್ ಅಂತು ಅಂದ್ರೆ ನೀವು ಕೇಳಿದ್ದು ನಕಲೀನೇ. ಅಮ್ಮ ಕೈಯಾರೆ ಇಟ್ಟದ್ದು ಅಸಲಿ. ಅಲ್ಲಿಂದಾಚೆ ನಿಮಗಿಂತ ಮುಂಚೆ ಆ ಕೋಣೆಗೆ ಯಾರೂ ಹೋಗಿಲ್ಲ. ಬದಲಾಯಿಸಿದೋರು ನೀವೇ."

ವಿಮರ್ಶಕ ಕಾಲ ಮೇಲಿದ್ದ ಕಾಲನ್ನು ಕೆಳಗಿಳಿಸಿದ. ಅಸಲಿ ತನ್ನ ಮನೆಯ ಕಪಾಟಿನಲ್ಲಿದೆ ಎಂದು ತೊದಲಿದ. ಮಗಳು ಪೊಲೀಸರೊಂದಿಗೆ ಹೋಗಿ ತಂದಳು.

ಪಿಟೀಲು ಮೇಡಂ ಅದನ್ನು ಧರಿಸಿ, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಮುಖ ಅರಳಿತು. ದಂತವೈದ್ಯ ಮಧ್ಯಮ ಬೆಲೆಯ ಹೆಡ್‌ಫೋನನ್ನೂ ಅದಕ್ಕೆ ಹೊಂದುವ ಆಂಪ್ಲಿಫೈಯರನ್ನೂ ಆರಿಸಿಕೊಂಡು, ಆ ಹುಡುಗಿ ಏನು ಕೆಲಸ ಮಾಡುತ್ತಾಳೆಂದು ಮೆಲ್ಲಗೆ ವಿಚಾರಿಸಿದ.

ಇಷ್ಟು ದಿನ ಯಾರಾದರೂ ಕೇಳಿದರೆ, ಎಲ್ಲೋ ಆಫೀಸಿನಲ್ಲಿದ್ದಾಳೆ ಎಂದು ಮಾತು ತೇಲಿಸುತ್ತಿದ್ದ ಒಡತಿ, ಇಂದು ಬೆನ್ನು ನೆಟ್ಟಗೆ ಮಾಡಿ ನಿಂತಳು.

"ನನ್ನ ಮಗಳು," ಎಂದಳು, ಅಂಗಡಿಯಲ್ಲಿದ್ದ ಎಲ್ಲರಿಗೂ ಕೇಳಿಸುವ ಹಾಗೆ. "ಪತ್ತೇದಾರಿ."