ಸರಳಿಗೆ ಅಡ್ಡ ನಿಂತವನು

ಶಾಂತರಾಜು ಮತ್ತು ಮೀನಾ ಗುಟ್ಟಾಗಿ ಮಾತಾಡುತ್ತಿದ್ದುದು ತುಂಬಿದ ಸಭೆಯ ಎದುರಿಗೆ ಮಾತ್ರ. ಬೇರೆ ಜಾಗ ಅವರಿಗಿರಲಿಲ್ಲ.

ಅವನು ಜಾದೂಗಾರ. ಕೊಳ್ಳೇಗಾಲ, ಹನೂರು, ಯಳಂದೂರಿನ ಶಾಲೆಗಳಲ್ಲಿ, ಸಮುದಾಯ ಭವನಗಳಲ್ಲಿ ಪ್ರೊಫೆಸರ್ ಶಾಂತರಾಜ್. ಪಿಯುಸಿ ಪಾಸಾಗದವನೂ ಪ್ರೊಫೆಸರ್ ಆಗಬಹುದಾದ ವೃತ್ತಿ ಅದೊಂದೇ. ಅವಳು ಅವನ ಮಂತ್ರಕ್ಕೆ ಗಾಳಿಯಲ್ಲಿ ತೇಲುವ ಹುಡುಗಿ, ರಾಮಾಪುರದವಳು. ಅವಳ ಅವ್ವ ಚಿಕ್ಕಮಾದಮ್ಮ ಪ್ರತಿ ಶೋಗೂ ಜೊತೆಯಲ್ಲಿ ಬರುತ್ತಿದ್ದಳು. ಬಸ್ಸಿನಲ್ಲಿ ಇಬ್ಬರ ನಡುವೆ ಕೂರುವಳು, ಊಟಕ್ಕೂ ನಡುವೆ ಕೂರುವಳು, ಶೋ ನಡೆಯುವಾಗ ಪರದೆಯ ಪಕ್ಕ ಸ್ಟೂಲು ಹಾಕಿಕೊಂಡು ಕಾಯುವಳು. ಮಗಳು ಗಾಳಿಗೇರಿದಾಗ ಮಾತ್ರ ನಡುವೆ ಬರುವಂತಿರಲಿಲ್ಲ.

ತೇಲಿಸುವುದರಲ್ಲಿ ಮಂತ್ರ ಕಡಿಮೆ, ವೆಲ್ಡಿಂಗ್ ಹೆಚ್ಚು. ಮೀನಾ ಮಲಗುವ ಹಲಗೆಯನ್ನು ಹಿಂದಿನ ಕಪ್ಪು ಪರದೆಯಿಂದ ಬರುವ ಕಬ್ಬಿಣದ ಸರಳೊಂದು ಎತ್ತಿ ಹಿಡಿದಿರುತ್ತದೆ. ಅದನ್ನು ಮಾಡಿಕೊಟ್ಟವನು ಕೊಳ್ಳೇಗಾಲದಲ್ಲಿ ಮನೆಗಳಿಗೆ ಗೇಟು ಮಾಡುವವನು. ಸರಳು ಕೊಕ್ಕರೆಯ ಕತ್ತಿನಂತೆ ಬಾಗಿರುವುದರಿಂದ, ದೊಡ್ಡ ರಿಂಗೊಂದನ್ನು ಅವಳ ತಲೆಯಿಂದ ಕಾಲಿನವರೆಗೆ ದಾಟಿಸಿ ‘ಯಾವ ಆಸರೆಯೂ ಇಲ್ಲ’ ಎಂದು ತೋರಿಸಬಹುದು. ಷರತ್ತು ಒಂದೇ. ಪರದೆ ಬೀಳುವ ತನಕ ಜಾದೂಗಾರ ಹಲಗೆಯ ಹಿಂದೆ, ಸರಳಿಗೆ ಅಡ್ಡವಾಗಿ ನಿಂತೇ ಇರಬೇಕು. ಪಕ್ಕಕ್ಕೆ ಸರಿದನೋ, ಕಬ್ಬಿಣ ಕಾಣುತ್ತದೆ; ಪ್ರೊಫೆಸರ್‌ಗಿರಿ ಅಲ್ಲಿಗೆ ಮುಗಿಯುತ್ತದೆ.

ಆ ಹೊತ್ತಿಗೆ ಸ್ಪೀಕರಿನಲ್ಲಿ ವೀಣೆ ಜೋರಾಗಿ ಮೊಳಗುತ್ತಿತ್ತು. ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸದೆ ಮಾತಾಡುವುದನ್ನು ಮೀನಾ ಕಲಿತಿದ್ದಳು.

“ಇವತ್ತು ಶೇವ್ ಮಾಡ್ಕಂಡು ಬಂದಿದ್ದೀರಲ್ಲ ಸಾ. ಯಾರ್ಗೆ?”

“ಮುಖ್ಯ ಅತಿಥಿಗಳಿಗೆ.”

“ಅವ್ರು ಆಗ್ಲೇ ನಿದ್ದೆ ಓಗಿರ್ತಾರೆ.”

“ಕಣ್ಣು ಮುಚ್ಕಂಡಿದ್ದೀಯ, ನಿಂಗೆಂಗೆ ಗೊತ್ತು?”

“ನಿಮ್ ಭಾಷಣ ಕೇಳಿಸ್ಕಂಡೆನಲ್ಲ.”

ನಗು ತಡೆದುಕೊಂಡಾಗ ಅವಳ ಎಡಗೆನ್ನೆ ಮಾತ್ರ ಒಂದಿಷ್ಟೇ ಕಂಪಿಸುತ್ತಿತ್ತು. ಬಗ್ಗಿ ರಿಂಗು ದಾಟಿಸುವ ನೆಪದಲ್ಲಿ ಅವನು ಅದನ್ನೇ ನೋಡುವನು. ಸಭೆ ಅದನ್ನು ವಶೀಕರಣದ ಪ್ರಭಾವವೆಂದು ತಿಳಿಯುತ್ತಿತ್ತು. ಯಾರು ಯಾರಿಗೆ ವಶವಾಗಿದ್ದಾರೆಂಬುದರಲ್ಲಷ್ಟೇ ಸಭೆ ತಪ್ಪಿತ್ತು.

ಹನೂರಿನ ಶೋಗೆ ಮೀನಾಳನ್ನು ಹೆಣ್ಣು ಕೇಳಿದ್ದ ಪಾಲಾರ್ ಕಡೆಯವರು ಬಂದು ಮುಂದಿನ ಸಾಲಿನಲ್ಲಿ ಕೂತರು. ಚೆಕ್‌ಪೋಸ್ಟಿನಲ್ಲಿ ಕೆಲಸವಿದ್ದ ಗಂಡು, ಅವನ ಅಕ್ಕ, ಸೋದರಮಾವ. ಹುಡುಗಿ ಒಪ್ಪಿಗೆಯಾಗಿದ್ದಳು. ಮಾರನೆಯ ದಿನ ಎಲೆ ಅಡಿಕೆ ಬದಲಾಯಿಸುವುದು. ಬದಲಾಯಿಸಿದ ಮೇಲೆ ಯಾರೂ ಮಾತು ತಪ್ಪುವಂತಿಲ್ಲ. ಚಿಕ್ಕಮಾದಮ್ಮ ಅವತ್ತು ಸ್ಟೂಲು ಬಿಟ್ಟು ಅವರ ಪಕ್ಕದಲ್ಲೇ ಕೂತಿದ್ದಳು.

“ಕುಣಿಯಾದಿಲ್ಲ, ಆಡೇಳಾದಿಲ್ಲ ಕಣ್ರಿ. ಸುಮ್ಕೆ ಮನಿಕ್ಕಳಾದು, ಅಷ್ಟೆ” ಎಂದು ಮಗಳ ಕೆಲಸವನ್ನು ಅವರಿಗೆ ವಿವರಿಸುತ್ತಿದ್ದಳು.

ಮೀನಾ ಮೇಲೇರಿದಳು. ವೀಣೆ ಮೊಳಗಿತು.

“ನಾಳೆ ಎಲೆ ಅಡಿಕೆ ಸಾ.”

“ಗೊತ್ತು. ಹುಡುಗ ಒಳ್ಳೇವ್ನಂಗೆ ಕಾಣ್ತಾನೆ.”

“ನಾ ಕೇಳಿದ್ದು ಅದಾ?”

ಅವನು ರಿಂಗನ್ನೆತ್ತಿ ಸಭೆಗೆ ತೋರಿಸಿದ. “ಮಹನೀಯರೇ, ಯಾವ ಆಸರೆಯೂ ಇಲ್ಲ. ಕಣ್ಣಾರೆ ನೋಡಿ.”

“ಬ್ಯಾಡ ಅಂದ್ರೆ ಅವ್ವ ಕೇಳಾದಿಲ್ಲ. ಇನ್ಯಾರವ್ನೆ ತೋರ್ಸು ಅಂತಳೆ” ಎಂದಳು ಮೀನಾ. “ಇವ್ರೆಲ್ಲಾ ನೋಡ್ತಿರೋವಾಗ್ಲೇ ತಲೆತಾವ್ಕೆ ಬಂದು ನನ್ ಕೈ ಇಡ್ಕಳಿ. ಸಾಕು. ಮಿಕ್ಕಿದ್ದು ನಾ ನೋಡ್ಕತೀನಿ.”

“ಸರಳು ಕಾಣ್ತದೆ ಮೀನಾ.”

“ಕಾಣ್ಲಿ ಬುಡಿ.”

“ಶೋ ಮುಗೀಲಿ. ಆಮೇಲೆ ಹೇಳ್ತೀನಿ.”

“ಆಮೇಲೆ ನಾನು ಅವ್ರ ಜೀಪ್ ಅತ್ತಬೇಕು.”

ಅವನ ಬಲಗಾಲು ಎದ್ದಿತು. ನಿಜವಾಗಿಯೂ ಎದ್ದಿತು, ಹಿಮ್ಮಡಿ ನೆಲ ಬಿಟ್ಟಿತ್ತು. ಆಗ ಎದುರಿನ ಮುಖಗಳು ಕಂಡವು. ಬಾಯಿ ತೆರೆದು, ಎವೆ ಮಿಟುಕಿಸದೆ, ಅವನೊಬ್ಬನನ್ನೇ ನಂಬಿ ಕೂತ ಮುಖಗಳು. ಹಾಗೆ ಅವನನ್ನು ನೋಡುವವರು ಶೋ ಮುಗಿದ ಮೇಲೆ ಎಲ್ಲೂ ಸಿಗುತ್ತಿರಲಿಲ್ಲ. ಒಬ್ಬಳು ಸಿಗುತ್ತಿದ್ದಳು. ಲೆಕ್ಕದಲ್ಲಿ ಅವನು ಅವಳನ್ನು ಬಿಟ್ಟುಬಿಟ್ಟ.

ಹಿಮ್ಮಡಿ ಮೆಲ್ಲಗೆ ನೆಲಕ್ಕಿಳಿಯಿತು.

ಮೀನಾ ಕಣ್ಣು ಬಿಟ್ಟಳು. ಯಾವ ಶೋನಲ್ಲೂ ಮೇಲಿದ್ದಾಗ ಅವಳು ಕಣ್ಣು ಬಿಟ್ಟವಳಲ್ಲ. ಅವನನ್ನು ಕೆಳಗಿನಿಂದ ಮೇಲಕ್ಕೆ ಒಂದು ಸಲ ನೋಡಿದಳು, ಅಂಗಡಿಯಲ್ಲಿ ಬಿಚ್ಚಿಸಿದ ಸೀರೆಯನ್ನು ಬೇಡವೆನ್ನುವ ಮುಂಚೆ ನೋಡುವ ಹಾಗೆ.

“ಅಯ್ಯ, ಕಣ್ ಬುಟ್ಳು” ಎಂದಳು ಗಂಡಿನ ಅಕ್ಕ.

“ಮಂತ್ರದ ಪ್ರಭಾವ ಇಳಿಯುತ್ತಿದೆ” ಎಂದ ಪ್ರೊಫೆಸರ್. ಚಪ್ಪಾಳೆ ಬಿತ್ತು, ಎಂದಿಗಿಂತ ಜೋರಾಗಿ.

ಪರದೆ ಬಿದ್ದ ಕೂಡಲೇ ಅವನು ಅವಳ ಕೈ ಹಿಡಿದುಕೊಂಡ.

“ನೀನಂದ್ರೆ ನಂಗೆ ಜೀವ ಕಣೆ ಮೀನಾ.”

ಅವಳು ಕೈ ಕಿತ್ತುಕೊಳ್ಳಲಿಲ್ಲ. “ಪರದೆ ಬಿದ್ದದಲ್ಲ ಸಾ.”

“ಅದಕ್ಕೇ ಹೇಳ್ತಿದ್ದೀನಿ.”

“ಅದ್ಕೇ ನಂಗೆ ಬ್ಯಾಡ.” ಆದರೂ ಕೇಳಿದಳು, “ಈಗಾದ್ರೂ ಆಚ್ಗೆ ಬಂದು ಅವ್ವನ ಮುಂದೆ ಇದ್ನೇ ಹೇಳ್ತೀರಾ?”

ಅವನು ಪರದೆಯ ಕಡೆ ನೋಡಿದ, ಹಲಗೆಯ ಕಡೆ ನೋಡಿದ. “ಹೇಳ್ತೀನಿ. ಮೊದ್ಲು ಇದ್ನ ಬಿಚ್ಚಿಟ್ಟುಬುಡಾನ. ಯಾರಾದ್ರೂ ಒಳಕ್ಕೆ ಬಂದುಬುಟ್ಟಾರು.”

ಮೀನಾಳ ಎಡಗೆನ್ನೆ ಕಂಪಿಸಲಿಲ್ಲ. ಸರಳು ಭಾರ, ಬಿಚ್ಚಲು ಇಬ್ಬರು ಬೇಕು. ಒಂದು ತುದಿಯನ್ನು ಅವಳೇ ಹಿಡಿದುಕೊಂಡಳು. ಅವನು ನಟ್ಟುಗಳನ್ನು ಸಡಿಲಿಸಿದ. ಅವಳು ಸರಳಿಗೆ ಗೋಣಿತಾಟು ಸುತ್ತಿ, ಹುರಿ ಬಿಗಿದು, ಗಂಟನ್ನು ಎಳೆದು ನೋಡಿದಳು. ಹೊರಗೆ ಜೀಪು ಹಾರ್ನ್ ಹೊಡೆಯಿತು. ಚಿಕ್ಕಮಾದಮ್ಮ ಮಗಳ ಹೆಸರು ಹಿಡಿದು ಕೂಗಿದಳು.

ಆ ಸೀಮೆಯಲ್ಲಿ ಹೊರಡುವವರು ಯಾರೂ ಹೋಗುತ್ತೇನೆ ಅನ್ನುವುದಿಲ್ಲ. ಸಾಯಲು ಬಿದ್ದವರೂ ಬತ್ತೀನಿ ಅಂದೇ ಹೇಳುತ್ತಾರೆ.

“ಓಯ್ತೀನಿ ಸಾ” ಎಂದಳು ಮೀನಾ.